ಧೂಮ್ಯಾನ ಕಡೆಯವಳು

ಹೊಗೆ, ಪರದೆಯ ತುಂಬ ಹೊಗೆ, ಆದರೆ ಇದೆಂಥ ಹೊಗೆ, ಹಾಲಿನ ಕೆನೆಯ ಹಾಗೆ ಬೆಳ್ಳಗೆ, ದಾಂಡೇಲಿಯ ಮಿಲ್ಲಿನ ಚಿಮಣಿ ನೋಡುತ್ತ ಸಂಸಾರ ಮಾಡಿದವಳಿಗೆ ಹೊಗೆ ಅಂದರೇನೆಂದು ಇವರು ತೋರಿಸಿಕೊಡಬೇಕೆ, ಆದರೂ ಸೀಟಿನ ತುದಿಗೆ ಸರಿದು ಕೂತಿದ್ದೇನೆ, ಹೊಗೆ ಬಂತು ಅಂದರೆ ಅವನು ಬಂದ ಅಂತಲೇ ಲೆಕ್ಕ, ನನ್ನ ಧೂಮಾಕ್ಷ, ಮೈಯನ್ನೇ ಹೊಗೆ ಮಾಡಿಕೊಂಡು ಬಾಗಿಲ ಸಂದಿಯಲ್ಲಿ ನುಸುಳುವವನು, ಬಂದ, ಬಂದ — ಟಾಕೀಸಿನಲ್ಲಿ ಹಳಿಯಾಳದ ಹುಡುಗರೆಲ್ಲ ಹೋ ಎಂದು ಒದರುತ್ತಾರೆ, ಖಳನಾಯಕ ಅಂತೆ, ಒದರಲಿ, ನಾನು ಸೆರಗಿನೊಳಗೇ ಒಂದು ಚಪ್ಪಾಳೆ ತಟ್ಟಿದೆ. ಅವನ ತುಟಿ ಇಂಗ್ಲಿಷಿನಲ್ಲಿ ಅಲ್ಲಾಡುತ್ತದೆ, ದನಿ ಮಾತ್ರ ಬೆಂಗಳೂರಿನ ಕನ್ನಡದಲ್ಲಿ ಬರುತ್ತದೆ, ನಾನು ಈ ನಗರವನ್ನು ಸಂಪೂರ್ಣವಾಗಿ ನಾಶ ಮಾಡಲಿದ್ದೇನೆ, ಎಷ್ಟು ಚೊಕ್ಕ ಮಾತು, ನನ್ನ ಮಗ ಪುಂಡಲೀಕನಿಗೆ ಒಂದು ರಜೆ ಅರ್ಜಿ ಹೀಗೆ ಬರೆಯಲು ಬಂದಿದ್ದರೆ ಇಷ್ಟೊತ್ತಿಗೆ ಸೂಪರ್‌ವೈಸರ್ ಆಗುತ್ತಿದ್ದ. ಬಲಗಡೆ ಸೊಸೆ ಸ್ವಪ್ನಾ. ಎಡಗಡೆ — ಎಡಗಡೆ ನಾನು ನೋಡುವುದಿಲ್ಲ, ಎಡಗಡೆ ಮಾಲವ್ವ ಕೂತಿದ್ದಾಳೆ, ಕುತ್ತಿಗೆ ಬಲಕ್ಕೇ ತಿರುಗಿ ತಿರುಗಿ ನೋಯುತ್ತಿದೆ. ಇದು ಸ್ವಪ್ನಾಳದೇ ಕಿತಾಪತಿ, ಮೊಬೈಲಿನಲ್ಲಿ ಟಿಕೆಟ್ ತೆಗೆದವಳು ಅವಳೇ, ಅತ್ತೀ, ಸೀಟು ಹೆಂಗ ಬಂದಾವೋ ಹಂಗ ಕುಂಡ್ರಬೇಕ್ರಿ, ಬದಲಾಸಾಕ ಬರಾಂಗಿಲ್ಲ ಅಂದಳು, ಸುಳ್ಳಿ, ಮುಂದಿನ ನಾಲ್ಕು ಸಾಲು ಖಾಲಿ ಬಿದ್ದಿವೆ.

ಮಾಲವ್ವ ಅಂದರೆ ಪಕ್ಕದ ಮನೆಯವಳು, ಕ್ವಾರ್ಟರ್ಸಿನಲ್ಲಿ ಇಬ್ಬರಿಗೂ ನಡುವೆ ಒಂದೇ ಗೋಡೆ, ಅವಳು ಆ ಕಡೆ ಮೊಳೆ ಹೊಡೆದರೆ ಈ ಕಡೆ ನನ್ನ ದೇವರ ಫೋಟೋ ಕುಣಿಯುತ್ತದೆ, ನಾನು ಖಾನಾಪುರದ ಕಡೆಯಿಂದ ಅವಳು ಕಲಘಟಗಿಯ ಕಡೆಯಿಂದ ಒಂದೇ ಬೇಸಿಗೆಯಲ್ಲಿ ಮದುವೆಯಾಗಿ ಬಂದು, ಮಿಲ್ಲಿನ ಭೋಂಗಾ ಕೇಳಿ ಒಂದೇ ಮುಂಜಾನೆ ಬೆಚ್ಚಿಬಿದ್ದು ಹೊರಗೆ ಓಡಿ ಬಂದು ಒಬ್ಬರ ಮುಖ ಒಬ್ಬರು ನೋಡಿ ನಕ್ಕವರು. ಅಂದಿನಿಂದ ಜಗಳ ಅನ್ನುವುದೇ ಇರಲಿಲ್ಲ, ನಲ್ಲಿ ನೀರಿಗೆ ಇಲ್ಲ, ನನ್ನ ಹಪ್ಪಳದ ಮೇಲೆ ಅವಳ ಬೆಕ್ಕು ನಡೆದಾಡಿದರೂ ಇಲ್ಲ, ಕೊನೆಗೆ ಆಡಿದ್ದು ಯಾರಿಗಾಗಿ, ಅಮೆರಿಕದಲ್ಲೋ ಎಲ್ಲೋ ಕಟ್ಟಡದಿಂದ ಕಟ್ಟಡಕ್ಕೆ ಹಾರಾಡುವ ಒಬ್ಬ ಗಗನವೀರನಿಗಾಗಿ! ಸ್ವಪ್ನಾ ದೊಡ್ಡ ಟೀವಿ ತಂದಳು, ಮಧ್ಯಾಹ್ನದ ಭೋಂಗಾ ಆಗಿ ಗಂಡಸರು ಪಾಳಿಗೆ ಹೋದ ಮೇಲೆ ನಾವು ನಾಲ್ವರು ಸೇರುತ್ತಿದ್ದೆವು, ನಾನು, ಮಾಲವ್ವ, ಸ್ವಪ್ನಾ, ಕ್ವಾರ್ಟರ್ಸಿನ ಹಿಂದಿನ ಸಾಲಿನ ಟೇಲರ್ ಶಹನಾಜ, ಗಗನವೀರ ಮೊದಲನೆಯ ಭಾಗ ಹಚ್ಚಿದ ದಿನ ಯಾರೂ ನೋಡಲಿಲ್ಲ, ಮೆಂತ್ಯಪಲ್ಲೆ ಬಿಡಿಸಿದೆವು, ಎರಡನೆಯ ಭಾಗಕ್ಕೆ ಮೆಂತ್ಯಪಲ್ಲೆ ಯಾರೂ ಮುಟ್ಟಲಿಲ್ಲ, ಅಂದು ಪಲ್ಲೆ ಇಲ್ಲದೆ ಬರೀ ಖಾರಬ್ಯಾಳಿಯಲ್ಲಿ ಗಂಡಸರು ಉಂಡರು. ಮಾಲವ್ವ ವೀರನ ಕಡೆ ನಿಂತಳು, ಏನ ಗುಣವಂತ ಹುಡುಗನಽ, ದುಡೀತಾನ, ಹಾಲು ಕುಡೀತಾನ, ಒಬ್ಬರಿಗೆ ಎದುರು ಮಾತಾಡಾಂಗಿಲ್ಲ. ಶಹನಾಜಳಿಗೆ ಯಾರ ಪಕ್ಷವೂ ಇಲ್ಲ, ಅವಳ ಕಣ್ಣೆಲ್ಲ ವೀರನ ಬೆನ್ನಿನ ಬಟ್ಟೆಯ ಮೇಲೆ, ಇಷ್ಟುದ್ದ ಬಿಟ್ಕೊಂಡು ಹಾರ್ತಾನ, ಒಂದ ದಿನಾನೂ ಕರೆಂಟ್ ತಂತಿಗೆ ಸಿಗಬೀಳಾಂಗಿಲ್ಲಲ್ಲ, ಅಂಚ ಯಾರ ಹೊಲದಾರ ಇದಕ್ಕ. ಮತ್ತೆ ನಾನು, ನಾನು ಧೂಮಾಕ್ಷನ ಕಡೆ, ಯಾಕೆಂದರೆ ಅವನು ಹುಟ್ಟಾ ಕೆಟ್ಟವನಲ್ಲ, ಅವನೂ ವೀರನ ಗೆಳೆಯನೇ, ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು, ಎರಡನೆಯ ಭಾಗದಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿತ್ತಲ್ಲ, ವೀರ ಎಲ್ಲರನ್ನೂ ಎತ್ತಿ ಎತ್ತಿ ಹೊರಗೆ ತಂದ, ಮುದುಕರನ್ನು ತಂದ, ಕೂಸುಗಳನ್ನು ತಂದ, ಒಂದು ನಾಯಿಯನ್ನೂ ತಂದ, ಗೆಳೆಯನನ್ನು ಮಾತ್ರ ಒಳಗೇ ಬಿಟ್ಟ, ಹೊಗೆ ಕುಡಿದು ಕುಡಿದು ಅವನು ಹೊಗೆಯೇ ಆದ, ಆಮೇಲೆ ಅವನು ಊರು ಸುಡಲು ಹೊರಟರೆ ಎಲ್ಲರೂ ಖಳನಾಯಕ ಅಂದರು.

ಹೊಳ್ಳಿ ಹೋಗಬೇಕಿತ್ತು ಅಂವಾ, ಗೆಳೆಯಾನ್ನ ತರಾಕ, ಅಂದೆ ನಾನು. ಕಟ್ಟಡ ಬೀಳಾಕ ಹತ್ತಿತ್ತು, ಹೆಂಗ ಹೊಳ್ಳಿ ಹೋಗ್ತಾನ, ಅಂದಳು ಮಾಲವ್ವ. ನಾಯಿಗೆ ಹೋದನಲ್ಲ! ನಾಯಿ ಬಾಗಿಲ ಹತ್ರ ಇತ್ತು! ದಿನವೂ ಇದೇ, ಚಹದ ಹೊತ್ತಿಗೆ ನಾಯಿ, ಸಂಜೆ ಬಟ್ಟೆ ತೆಗೆಯುವಾಗ ಗೋಡೆಯ ಮೇಲಿಂದ ನಾಯಿ, ನನ್ನ ಯಜಮಾನರು ಪೇಪರು ಮಡಚಿ ಯಾರ ಮನೆಯ ನಾಯಿ ಸತ್ತಿತು ಅಂತ ಕೇಳಿದರು. ಒಂದು ದಿನ ನನಗೆ ಯಾಕೋ ಉರಿಯಿತು, ಅಷ್ಟೂ ಜನರ ಮುಂದೆ ಕೇಳಿಬಿಟ್ಟೆ, ಹಂಗಾರ ನಮ್ಮ ಕ್ವಾರ್ಟರ್ಸಿಗೆ ಬೆಂಕಿ ಬಿದ್ರ ನೀನೂ ನನ್ನ ಬಿಟ್ಟು ನಾಯಿ ಎತಗೊಂಡ ಹೋಗ್ತಿ ಹೌದಿಲ್ಲೋ ಮಾಲಿ, ಅವಳು ಇಲ್ಲ ಅನ್ನಬೇಕಿತ್ತು, ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು, ಅವಳು ಶೇಂಗಾ ಸುಲಿಯುತ್ತ ಮುಖ ಎತ್ತದೆ ಅಂದದ್ದು — ಮತ್ತೇನವಾ, ನಾಯಿ ನಿನ್ನಷ್ಟು ಭಾರ ಇರಾಂಗಿಲ್ಲ. ಶಹನಾಜ ನಕ್ಕಳು. ಸ್ವಪ್ನಾ, ನನ್ನ ಸೊಸೆ, ನನ್ನ ಮನೆಯ ಅನ್ನ ಉಂಡವಳು, ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು, ಒಳಗೆ ಪಾತ್ರೆ ಬಿದ್ದ ಸಪ್ಪಳ, ನಗುತ್ತಲೇ ಬೀಳಿಸಿದ್ದು, ನನಗೆ ಗೊತ್ತಿದೆ. ನಾನು ಟೀವಿ ಬಂದ್ ಮಾಡಿದೆ. ಬೆಂಕಿ ಬಿದ್ದರೆ ನನ್ನ ಮೈಭಾರ ತೂಗುವವಳ ಜೊತೆ ನನಗೇನು ಮಾತು.

ಮಾತು ಬಿಟ್ಟ ಮೇಲೆ ತಿಳಿಯಿತು, ಒಂದು ಗೋಡೆ ಎಷ್ಟು ಕೇಳಿಸುತ್ತದೆ ಅಂತ, ಅವಳು ಒಗ್ಗರಣೆ ಹಾಕಿದ್ದು, ಅವಳು ಕೆಮ್ಮಿದ್ದು, ಮಲಕಪ್ಪನವರು ಅವಳ ಯಜಮಾನರು ಕನ್ನಡಕ ಹುಡುಕಿದ್ದು, ನಾನೂ ಬೇಕೆಂದೇ ತಾಟು ಜೋರಾಗಿ ಇಡುತ್ತಿದ್ದೆ. ಆಮೇಲೆ ಒಂದು ದಿನ ಆ ಕಡೆ ಪಾತ್ರೆಗಳ ಸಪ್ಪಳ ಬೇರೆಯಾಯಿತು, ಒಂದರೊಳಗೆ ಒಂದು ಇಟ್ಟು ಕಟ್ಟುವ ಸಪ್ಪಳ, ಶಹನಾಜ ರವಿಕೆ ಕೊಡಲು ಬಂದವಳು ಹೇಳಿದಳು, ಮಲಕಪ್ಪ ಕಾಕಾ ರಿಟೈರ್ ಆದ್ರಲ್ರಿ, ಕ್ವಾರ್ಟರ್ಸ್ ಬಿಡಬೇಕಲ್ಲ, ಕಲಘಟಗ್ಯಾಗ ಮನಿ ಕಟ್ಯಾರ, ಭಾನುವಾರ ಟೆಂಪೋ ಬರತೈತಿ, ನಿಮಗ ಗೊತ್ತಿಲ್ಲೇನ್ರಿ? ಗೊತ್ತೈತಿ ಅಂದೆ. ಹೋಗಲಿ ಬಿಡು ಅಂದೆ. ಒಳಗೆ ಹೋಗಿ ಸಾಸಿವೆ ಕರಕಲು ಮಾಡಿದೆ. ಹೋಗಲಿ, ಕಲಘಟಗಿ ಏನು ಸಮುದ್ರದ ಆಚೆ ಇದೆಯೇ, ಎರಡು ಬಸ್ಸು, ಮಾತು ಬಿಟ್ಟವಳ ಮನೆಗೆ ಎರಡು ಬಸ್ಸು ಹಿಡಿದು ಯಾಕೆ ಹೋಗಬೇಕು, ನಾನೇ ಮೊದಲು ಮಾತಾಡಬೇಕೆ, ಭಾರ ಅಂದವಳು ಅವಳು. ಇವತ್ತು ಬೆಳಿಗ್ಗೆ ಮೂರನೆಯ ಭಾಗ ನೋಡಲು ಹಳಿಯಾಳಕ್ಕೆ ಬರುವಾಗ ಬಸ್ಸಿನಲ್ಲಿ ಅವಳು ಮುಂದಿನ ಬಾಗಿಲ ಹತ್ತಿರ, ನಾನು ಹಿಂದೆ, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಅವಳ ಹೆರಳಿನ ತುದಿ ಕಾಣುತ್ತಿತ್ತು, ಸಣಕಲಾಗಿದೆ, ಎಣ್ಣೆ ಹಚ್ಚಿಕೊಂಡಿಲ್ಲ, ನನಗೇನು.

ಇಂಟರ್ವಲ್. ದೀಪ ಹತ್ತಿದ್ದೇ ಮಾಲವ್ವ ಚೀಲದಿಂದ ಡಬ್ಬಿ ತೆಗೆದಳು, ಚುರುಮುರಿ, ಬೆಳ್ಳುಳ್ಳಿ ಒಗ್ಗರಣೆ, ಪುಟಾಣಿ ಹಿಟ್ಟು, ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿದ್ದಾಳೆ ನನಗೆ ಹೇಗೆ ಬೇಕೋ ಹಾಗೆ, ಡಬ್ಬಿ ನನ್ನ ಮೂಗಿನ ಮುಂದಿನಿಂದಲೇ ದಾಟಿ ಸ್ವಪ್ನಾಳ ಕೈಗೆ ಹೋಯಿತು. ಅತ್ತೀ ತಗೋರಿ. ನನಗ ಬ್ಯಾಡವಾ, ಅಂದೆ ಸ್ವಪ್ನಾಳಿಗೆ, ಎಡಗಡೆಗೆ ಕೇಳುವಷ್ಟು ಗಟ್ಟಿಯಾಗಿ, ಮೊದಲಽ ನನ್ನ ಭಾರ ಜಾಸ್ತಿ ಐತಂತ. ಕೆಲವು ಮಂದಿಗೆ ಚ್ಯಾಷ್ಟಿ ತಿಳಿಯಾಂಗಿಲ್ಲ ನೋಡ ಶಹನಾಜ, ಅಂದಳು ಮಾಲವ್ವ ತನ್ನ ಆಚೆ ಕೂತವಳಿಗೆ. ಚ್ಯಾಷ್ಟಿಯಂತೆ, ತಮಾಷೆಯಂತೆ! ಶಹನಾಜ ತನ್ನ ಪಾಲು ಉಡಿಯಲ್ಲಿ ಹಾಕಿಸಿಕೊಂಡು ಎರಡೂ ಕೈಯಿಂದ ತಿನ್ನುತ್ತಿದ್ದಳು, ಸ್ವಪ್ನಾ ತಿನ್ನುತ್ತಿದ್ದಳು, ನನ್ನ ಬಾಯಲ್ಲಿ ನೀರು ಬಂತು, ನುಂಗಿದೆ, ದೀಪ ಆರಿದ ಮೇಲೆ ಸ್ವಪ್ನಾಳ ಮಡಿಲಿನ ಡಬ್ಬಿಯಿಂದ ಎರಡು ಮುಷ್ಟಿ ತಿಂದೆ, ಯಾರೂ ನೋಡಲಿಲ್ಲ.

ಮತ್ತೆ ಬೆಂಕಿ, ಈಗ ದೊಡ್ಡ ಬೆಂಕಿ, ವೀರ ಕಬ್ಬಿಣದ ತೊಲೆಯ ಕೆಳಗೆ ಸಿಕ್ಕಿದ್ದಾನೆ, ಶಹನಾಜ ಹೇಳುತ್ತಿದ್ದ ಆ ಬೆನ್ನಿನ ಬಟ್ಟೆ ಕೊನೆಗೂ ಸಿಕ್ಕಿಬಿದ್ದಿದೆ, ಎಳೆದರೆ ಬರುವುದಿಲ್ಲ, ಧೂಮಾಕ್ಷ ಎದುರಿಗೇ ನಿಂತಿದ್ದಾನೆ, ವೀರ ಕೈ ಚಾಚಿದ. ಬಂತು, ನನ್ನ ಹೊತ್ತು ಬಂತು, ಈಗ ಗೊತ್ತಾತೇನು ಅಂತ ಎಡಗಡೆಗೆ ತಿರುಗಿ ಅನ್ನಬೇಕೆಂದು ಆ ಮಾತನ್ನು ಎಷ್ಟು ದಿನದಿಂದ ನಾಲಗೆಯ ಮೇಲೆ ಇಟ್ಟುಕೊಂಡಿದ್ದೆ. ಧೂಮಾಕ್ಷ ಆ ಕೈ ನೋಡಿದ, ನಕ್ಕ, ಹೊಗೆಯಾದ, ಬಾಗಿಲ ಕಡೆ ಹರಿದ. ಹೊರಟೇಬಿಟ್ಟ. ಎಡಗಡೆಯಿಂದ ಒಂದು ಬಿಕ್ಕು, ಮಾಲವ್ವ ಅಳುವಾಗ ಹಾಗೇ, ಮೊದಲು ಮೂಗು ಏರಿಸುತ್ತಾಳೆ, ಅವಳ ಅವ್ವ ತೀರಿದಾಗಲೂ ನನ್ನ ಹೆಗಲ ಮೇಲೆ ಹಾಗೇ — ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ, ಏ ಧೂಮ್ಯಾ, ಅಂತ ಒದರಿದೆ, ಎಲ್ಲಿ ಹೊಂಟಿ, ಹೊಳ್ಳಿ ಹೋಗೋ ಮೂಳಾ, ಅಂವಾ ಒಳಗ ಅದಾನ! ಹಿಂದಿನ ಸಾಲಿನವರೆಲ್ಲ ಶಿಳ್ಳೆ, ಕುಂಡ್ರಬೇ ಆಯೀ, ಅಂವಗ ಕೇಳಾಂಗಿಲ್ಲ, ಆದರೆ ಕೇಳಿತು, ದೇವರಾಣೆ ಕೇಳಿತು, ಹೊಗೆ ಹೊಸ್ತಿಲ ಮೇಲೆ ನಿಂತಿತು, ಹೋಗಲೋ ಬೇಡವೋ ಅಂತ ಅಲ್ಲೇ ಸುರುಳಿ ಸುತ್ತಿತು, ಕತ್ತಲಾಯಿತು. ಮುಂದಿನ ಭಾಗದಲ್ಲಿ ಅಂತ ಅಕ್ಷರ ಬಂತು. ದೀಪ ಹತ್ತಿತು. ಯಾವಾಗ ಬರತೈತಂತ ಮುಂದಿನದು, ಅಂದೆ, ಎರಡ ವರ್ಷ ಅಂತ ಬರದಾರ್ರಿ ಅತ್ತೀ, ಅಂದಳು ಸ್ವಪ್ನಾ ಮೊಬೈಲು ನೋಡುತ್ತ, ಅವಳೂ ಶಹನಾಜಳೂ ಎದ್ದು ಬಾಗಿಲಿಗೆ ಹೋದರು, ನಾನು ಕೂತೆ, ಎಡಗಡೆಯೂ ಯಾರೂ ಏಳಲಿಲ್ಲ.

ಹೋಗ್ತಾನೇನು ಅಂವಾ ಹೊಳ್ಳಿ? ಮಾಲವ್ವನ ದನಿ, ಪರದೆಗೆ ಕೇಳಿದಂತೆ. ಹೋಗ್ತಾನ ಅಂದೆ ನಾನೂ ಪರದೆಗೇ. ಹೆಂಗ ಹೇಳ್ತಿ? ನನಗ ಗೊತ್ತೈತಿ ಅವನ ಸ್ವಭಾವ. ನಾನೂ ಹೊಳ್ಳಿ ಬರ್ತಿದ್ದೆ ಗೋದೂ, ಅಂದಳು ಮಾಲವ್ವ, ನಿನ್ನ ಎತ್ತಾಕಂತೂ ಆಗತಿದ್ದಿಲ್ಲ, ಕೈ ಹಿಡದ ದರದರ ಎಳೀತಿದ್ದೆ. ನನಗೆ ನಗು ಬಂತು, ನಿನ್ನ ಚುರುಮುರಿಗೆ ಉಪ್ಪು ಕಡಿಮಿ ಆಗೇತಿ ಅಂದೆ, ಕದ್ದ ತಿಂದಾಕಿಗೆ ಅಷ್ಟ ಸಾಕು ಅಂದಳು. ಏಳ್ರಿ ಅಮ್ಮಾರ, ಕಸಾ ಹೊಡೀಬೇಕು, ಅನ್ನುತ್ತ ಕಸಬಾರಿಗೆ ಹಿಡಿದವನು ಬಂದ. ಏಳು ಬಸ್ಸಿಗೆ ಹೊತ್ತಾತು, ಅಂದಳು ಮಾಲವ್ವ, ಅಂದವಳು ಏಳಲಿಲ್ಲ, ಸೀಟಿನ ಕೆಳಗೆ ಕಾಲಾಡಿಸಿದಳು, ನನ್ನ ಒಂದು ಚಪ್ಪಲಿ ಎಲ್ಲಿ ಹೋತ. ಬರಿಗಾಲು, ಬೆಳ್ಳಿ ಕಾಲುಂಗುರ ಸವೆದು ತಂತಿಯಾಗಿದೆ, ಚುರುಮುರಿ ಕಾಳುಗಳ ನಡುವೆ ಆ ಕಡೆ ಹೋಯಿತು, ಈ ಕಡೆ ಬಂತು. ಭಾನುವಾರ ಟೆಂಪೋ. ಭಾನುವಾರ ಗೋಡೆಯ ಆಚೆ ಸಪ್ಪಳವಿರುವುದಿಲ್ಲ, ಅಥವಾ ಬೇರೆ ಯಾರದೋ ಸಪ್ಪಳ. ನೋಡಽ ಗೋದೂ, ನಿನ್ನ ಕಡೆ ಬಂದೈತೇನ. ಇಲ್ಲಲ್ಲ ಅಂದೆ. ಚಪ್ಪಲಿ ನನ್ನ ಬಲಗಾಲಿನ ಕೆಳಗಿತ್ತು, ಬಾರಿನ ಮೇಲೆ ನನ್ನ ಅಷ್ಟೂ ಭಾರ ಹಾಕಿ ಒತ್ತಿ ಹಿಡಿದಿದ್ದೆ, ಅವಳ ಕಾಲು ಮತ್ತೆ ಆ ಕಡೆ ಹೋಯಿತು, ಈ ಕಡೆ ಬಂತು, ಬೆರಳು ಅರಳಿಸಿಕೊಂಡು ಹುಡುಕುತ್ತ, ಇಲ್ಲೇ ಬಿಟ್ಟಿದ್ನೆಲ್ಲ, ಆ ಕಡೆ, ಈ ಕಡೆ, ಆ ಬರಿಗಾಲು —