ಹಿತ್ತಿಲಿನ ಕೆಂಪು ಗೂಟ

ದೊಡ್ಡ ಹೊದಿಕೆಯನ್ನು ಹಿಂಡಲು ಇಬ್ಬರು ಬೇಕು. ಒಂದು ತುದಿ ತಾಯಿಯ ಕೈಯಲ್ಲಿ, ಇನ್ನೊಂದು ತುದಿ ಒಂಬತ್ತು ವರ್ಷದ ಮಗಳ ಕೈಯಲ್ಲಿ. ಅವಳು ಬಲಕ್ಕೆ ತಿರುಚಿದರೆ ಇವಳು ಎಡಕ್ಕೆ. ಆ ಬೆಳಿಗ್ಗೆ ಹೀಗೆ ಹಿಂಡುತ್ತಿರುವಾಗಲೇ ಮಗಳು ತನ್ನ ತುದಿಯನ್ನು ಬಿಟ್ಟುಬಿಟ್ಟಳು. ಒಗೆದ ಬಿಳಿ ಹೊದಿಕೆ ಮಣ್ಣಿಗೆ ಬಿತ್ತು.

"ಕೈಯಲ್ಲಿ ಜೀವ ಇಲ್ವೇನೇ?"

"ಅಮ್ಮ, ಅಲ್ನೋಡು. ಬಾವಿ ಹತ್ರ ಯಾರೋ."

ಹೆಲ್ಮೆಟ್ ಹಾಕಿಕೊಂಡ ಇಬ್ಬರು ನಿಂತಿದ್ದರು. ಒಬ್ಬ ಹಾಳೆ ನೋಡಿ ಹೇಳುತ್ತಿದ್ದ, ಇನ್ನೊಬ್ಬ ಸುತ್ತಿಗೆಯಿಂದ ಗೂಟ ಹೊಡೆಯುತ್ತಿದ್ದ. ಗೂಟದ ತಲೆಗೆ ಕೆಂಪು ಬಣ್ಣ. ಬಾವಿಕಟ್ಟೆಯಿಂದ ಅದಕ್ಕೆ ಹದಿನೆಂಟೇ ಹೆಜ್ಜೆ.

ಈ ಮನೆಯವರದು ಲಾಂಡ್ರಿ. ತಾಯಿ ಒಗೆಯುತ್ತಾಳೆ, ತಂದೆ ಇಸ್ತ್ರಿ ಮಾಡಿ ಸೈಕಲ್ಲಿನಲ್ಲಿ ಮನೆಮನೆಗೆ ತಲುಪಿಸುತ್ತಾನೆ. ಆಸ್ಪತ್ರೆಯ ಹೊದಿಕೆ, ವಸತಿಗೃಹದ ದಿಂಬಿನ ಚೀಲ, ಬೀದಿಯವರ ಅಂಗಿ, ಎಲ್ಲಕ್ಕೂ ಆ ಬಾವಿಯ ನೀರೇ. ನೀರು ಕೆಟ್ಟರೆ ಬಿಳಿ ಬಟ್ಟೆ ಕೆಟ್ಟಿತು, ಬಿಳಿ ಬಟ್ಟೆ ಕೆಟ್ಟರೆ ಒಲೆ ಆರಿತು.

"ಏನಣ್ಣ ಇದು? ಯಾರನ್ನ ಕೇಳಿ ಹೊಡೀತಿದ್ದೀರಿ?"

"ನೆಲದಡಿ ಇರೋ ಗ್ಯಾಸ್ ತೆಗೆಯೋಕೆ ಕೊರೆಯೋ ಗುರುತಮ್ಮ. ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ."

"ನಾನಾ?"

ಹಾಳೆ ಹಿಡಿದವನು ಅದನ್ನು ತಿರುಗಿಸಿ ತೋರಿಸಿ, ಒಂದು ಪ್ರತಿಯನ್ನು ಅವಳ ಕೈಗಿಟ್ಟ. ಕೆಳಗಿದ್ದ ಸಹಿ ಅವಳದೇ. ಇನ್ನೊಬ್ಬ ಸುತ್ತಿಗೆಯನ್ನು ಕಂಕುಳಿಗೆ ಸಿಕ್ಕಿಸಿ, ತಂತಿಯ ಮೇಲೆ ಒಣಗುತ್ತಿದ್ದ ಆಸ್ಪತ್ರೆಯ ಟವೆಲಿಗೆ ಮಣ್ಣಿನ ಕೈ ಒರೆಸಿಕೊಂಡು ಹೊರಟ.

ಮಗಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. "ಅಮ್ಮ, ಅವರು ಟವೆಲಿಗೆ..."

"ಆಮೇಲೆ ಕೇಳು."

ತಾಯಿಗೆ ಆಗ ನೆನಪಾಯಿತು. ಲಾಂಡ್ರಿಯಲ್ಲಿ ದಿನಕ್ಕೆ ಇಪ್ಪತ್ತು ಸಹಿ. ಗಂಟು ಬಂದರೆ ಸಹಿ, ಗಂಟು ಹೋದರೆ ಸಹಿ. ಅದಕ್ಕೆಂದೇ ಇಸ್ತ್ರಿ ಮೇಜಿನ ಕಾಲಿಗೆ ದಾರ ಕಟ್ಟಿದ ಪೆನ್ನು ಇತ್ತು. ಹೋದ ವಾರ ಒಬ್ಬ ನಗುನಗುತ್ತಾ ಬಂದು, "ಕಾಗದ ತಲುಪಿದೆ ಅಂತ ಒಂದು ಸಹಿ ಹಾಕಮ್ಮ" ಎಂದಿದ್ದ. ಒಂದು ಕೈಯಲ್ಲಿ ಸೋಪಿನ ನೊರೆ ಇತ್ತು. ಇನ್ನೊಂದು ಕೈಯಲ್ಲಿ ಸಹಿ ಹಾಕಿದ್ದಳು. ಹಾಳೆ ತಿರುಗಿಸಿರಲಿಲ್ಲ.

ವಿಷಯ ಕೇಳಿದ ಗಂಡ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. "ಆಯ್ತಲ್ಲ. ನಿನ್ನ ಕೈಬರಹವೇ ನಮ್ಮ ಹಣೆಬರಹ ಆಯ್ತು."

"ಈಗೇನ್ರೀ ಮಾಡೋದು?"

"ಮಾಡೋದೇನು, ಸುಮ್ಮನಿರೋದು. ನೆಲದ ಮೇಲಿರೋದು ಮಾತ್ರ ನಮ್ಮದಂತೆ, ಕೆಳಗಿರೋದು ನಮ್ಮದಲ್ವಂತೆ. ಆನೆ ನಡೆದದ್ದೇ ದಾರಿ."

ಅಷ್ಟರಲ್ಲಿ ಗ್ರಂಥಾಲಯದ ಪರದೆಗಳನ್ನು ಒಯ್ಯಲು ಲೈಬ್ರರಿ ಅಕ್ಕ ಬಂದರು. ಗ್ರಂಥಾಲಯ ನೋಡಿಕೊಳ್ಳುವ ಅವರನ್ನು ಬೀದಿಯವರೆಲ್ಲ ಕರೆಯುವುದು ಹಾಗೆಯೇ. ಅಳುಮೋರೆ ಕಂಡು ಕಾಗದ ಕೇಳಿದರು, ಸ್ಟೂಲಿನ ಮೇಲೆ ಕುಳಿತು ಕನ್ನಡಕ ಏರಿಸಿದರು. ಮೂರು ಪುಟವನ್ನೂ ಓದಿದರು. ಪರದೆ ಮಡಿಸಿ ಮುಗಿದರೂ ಅವರ ಓದು ಮುಗಿಯಲಿಲ್ಲ.

"ಇದು ರಸೀದಿ ಅಲ್ಲಮ್ಮ. ನಿಮ್ಮ ಹಿತ್ತಿಲಿಗೆ ಬಂದು ಅಳೆಯೋಕೆ, ಕೊರೆದು ನೋಡೋಕೆ ಒಪ್ಪಿಗೆ."

"ಬೈಯೋದಿದ್ರೆ ಬೈದುಬಿಡಿ ಅಕ್ಕ."

"ಬೈದ್ರೆ ಸಹಿ ಅಳಿಸಿಹೋಗುತ್ತಾ? ನನ್ನ ತಂಗಿ ಶಾಲೆ ಮೇಡಂ, ಅವಳೇ ಹೀಗೆ ಸಹಿ ಹಾಕಿದಳು. ಅವಳ ಮನೆ ಪಕ್ಕ ಕೊರೆದರು. ಎಂಟು ತಿಂಗಳಿಗೆ ಬಾವಿ ನೀರು ಕದಡಿತು, ವಾಸನೆ ಬಂತು. ಕಂಪನಿಯವರು ಕೇಳಿದ್ದು ಒಂದೇ ಮಾತು: ಮುಂಚೆ ನೀರು ಚೆನ್ನಾಗಿತ್ತು ಅನ್ನೋಕೆ ಸಾಕ್ಷಿ ಏನು? ಸಾಕ್ಷಿ ಎಲ್ಲಿಂದ ತರ್ತಾಳೆ? ಕೊರೆಯೋ ಮುಂಚೆ ನೀರು ಪರೀಕ್ಷೆ ಮಾಡಿಸಲೇಬೇಕು ಅಂತ ಕಾನೂನೇ ಇರಲಿಲ್ಲ."

"ಕಾನೂನೇ ಇಲ್ಲ ಅಂದ್ಮೇಲೆ ಯಾರನ್ನ ಕೇಳೋದು?" ಎಂದ ಗಂಡ.

"ಕಾನೂನು ಮಾಡೋರನ್ನ."

"ಶಾಸಕರನ್ನಾ? ಅವರ ಅಂಗಿ ಇಸ್ತ್ರಿ ಮಾಡೋನು ನಾನು. ಕಾಲರಿನ ವಿಷಯ ಬಿಟ್ಟು ಬೇರೆ ಏನು ಹೇಳಿದ್ರೂ ಅವರಿಗೆ ಕಿವಿ ಕೇಳಿಸಲ್ಲ ಅಕ್ಕ."

ಅಕ್ಕ ನಕ್ಕರು. "ಒಬ್ಬನ ಮಾತು ಕೇಳಿಸದೆ ಇರಬಹುದಪ್ಪ. ಇಡೀ ಬೀದಿ ಹೋಗಿ ನಿಂತ್ರೆ? ಮನೆ, ಜಮೀನು ಇರೋರಿಗೆ ರಕ್ಷಣೆ ಕೊಡೋ ಮಸೂದೆ ಒಂದು ವಿಧಾನಸಭೆಗೆ ಬಂದಿದೆ. ಒಪ್ಪಿಗೆ ಕಾಗದ ಓದಿ ಯೋಚನೆ ಮಾಡೋಕೆ ಮೂವತ್ತು ದಿನ, ಬೇಡ ಅನಿಸಿದ್ರೆ ವಾಪಸ್ ತಗೊಳ್ಳೋ ಹಕ್ಕು. ಮನೆ ಬಾವಿಗಳಿಂದ ಇಷ್ಟು ದೂರ ಅಂತ ಗೆರೆ. ಕೊರೆಯೋ ಮುಂಚೆ ನೀರಿನ ಪರೀಕ್ಷೆ, ಅದೂ ಕಂಪನಿಗೆ ಸಂಬಂಧ ಇಲ್ಲದವರ ಕೈಲಿ. ಗೋಡೆ ಬಿರಿದ್ರೆ, ನೀರು ಕೆಟ್ರೆ, ಹೊಣೆ ಅವರದೇ. ಈಗಾಗಲೇ ಸಹಿ ಹಾಕಿದವರಿಗೂ ಅನ್ವಯ. ಈ ತಿಂಗಳ ಕೊನೆಗೆ ಮತಕ್ಕೆ ಬರುತ್ತೆ. ನಮ್ಮ ಶಾಸಕರು ಯಾವ ಕಡೆ ಅಂತ ಇನ್ನೂ ಬಾಯಿ ಬಿಟ್ಟಿಲ್ಲ."

"ಅಕ್ಕಾ, ನಾನೊಂದು ಕೇಳ್ಲಾ?" ಎಂದಳು ಮಗಳು.

"ದೊಡ್ಡೋರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ," ಎಂದ ತಂದೆ.

ಅವನು ಬಟ್ಟೆಯ ಗಂಟುಗಳನ್ನು ಹೇರಿಕೊಂಡು ಹೊರಟ. ಸಂಜೆಯ ಮುಂಚೆ ಹಿಂದಿರುಗಿದವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಅಲ್ಲೇ ನಿಂತ. ದರ್ಜಿಯ ಹಿತ್ತಿಲಲ್ಲೂ ಕೆಂಪು ಗೂಟ ಕಂಡಿದ್ದ. ಬೇಕರಿಯವನ ಸೌದೆಮನೆಯ ಪಕ್ಕದಲ್ಲೂ. ಎಲ್ಲರೂ ಹೇಳಿದ್ದು ಒಂದೇ: "ಕಾಗದ ತಲುಪಿದೆ ಅಂತ ಸಹಿ ಹಾಕಿದ್ವಿ."

"ನಿನ್ನೊಬ್ಬಳನ್ನೇ ಅಂದುಬಿಟ್ಟೆ," ಎಂದ ಹೆಂಡತಿಗೆ. ಕತ್ತರಿ ತೆಗೆದು ಮೇಜಿನ ಪೆನ್ನಿನ ದಾರವನ್ನು ಕತ್ತರಿಸಿದ. "ಇನ್ಮೇಲೆ ಓದಿದ ಮೇಲೇ ಪೆನ್ನು ಹುಡುಕೋದು."

ಮರುದಿನ ಬಾವಿಯ ನೀರು ಶುಭ್ರವಾದ ಬಾಟಲಿಯಲ್ಲಿ ಪರೀಕ್ಷೆಗೆ ಹೋಯಿತು. ಒಪ್ಪಿಗೆಯನ್ನು ಹಿಂಪಡೆದಿದ್ದೇನೆ ಎಂದು ತಾಯಿ ಕಂಪನಿಗೆ ಪತ್ರ ಕೊಟ್ಟಳು, ತಲುಪಿದ್ದಕ್ಕೆ ಅವರಿಂದಲೇ ಸಹಿ ಹಾಕಿಸಿಕೊಂಡಳು. "ಹಿಂದಕ್ಕೆ ತಗೊಳ್ಳೋಕೆ ಕಾನೂನಿಲ್ಲ" ಎಂದರು ಅವರು. ಹಾಗಾದರೆ ಆ ಕಾನೂನೇ ಬೇಕು. ಲೈಬ್ರರಿ ಅಕ್ಕ ಶಾಸಕರಿಗೆ ಮನವಿ ಬರೆದರು. ಅಲ್ಲಿಂದ ಮುಂದೆ ಮನೆಗೆ ತಲುಪುವ ಪ್ರತಿ ಗಂಟಿನ ಮೇಲೂ ಆ ಮನವಿಯ ಒಂದು ಪ್ರತಿ. ಗಂಡ ಹೊಸ್ತಿಲಲ್ಲಿ ನಿಂತು ಅದನ್ನು ಮೊದಲಿಂದ ಕೊನೆಯವರೆಗೂ ಓದಿ ಹೇಳುತ್ತಿದ್ದ. "ಸಾಕು ಕೊಡಪ್ಪ, ಸಹಿ ಹಾಕ್ತೀನಿ" ಎಂದವರಿಗೆ, "ಪೂರ್ತಿ ಕೇಳಿಸ್ಕೊಳ್ಳಿ, ಆಮೇಲೆ ಪೆನ್ನು ಕೊಡ್ತೀನಿ" ಎನ್ನುತ್ತಿದ್ದ. ಹನ್ನೊಂದು ದಿನಕ್ಕೆ ನೂರಾ ನಲವತ್ತು ಸಹಿ ಆದವು.

ಹನ್ನೆರಡನೆಯ ದಿನ ಬೀದಿಯವರೆಲ್ಲ ಶಾಸಕರ ಕಚೇರಿಯ ಹೊರಗೆ ಎರಡು ಗಂಟೆ ಕಾದು ಒಳಗೆ ಹೋದರು. ಶಾಸಕರ ಮೈಮೇಲೆ ಹುಡುಗಿಯ ತಂದೆಯೇ ಇಸ್ತ್ರಿ ಮಾಡಿದ ಅಂಗಿ.

"ಗ್ಯಾಸ್ ಬೇಡ ಅಂದ್ರೆ ಹೇಗಮ್ಮ?"

"ಬೇಡ ಅಂತಿಲ್ಲ ಸರ್. ನಮ್ಮನೆ ಒಲೇನೂ ಗ್ಯಾಸಿಂದೇ. ನಮ್ಮನ್ನ ಕೇಳಿ, ನಮ್ಮ ಬಾವಿ ಕಾಯಿರಿ, ಆ ಮಸೂದೆ ಪರವಾಗಿ ಮತ ಹಾಕಿ ಅಂತಿದ್ದೀವಿ," ಎಂದಳು ತಾಯಿ.

"ಆದ್ರೆ ಸಹಿ ನಿಮ್ಮದೇ ಅಲ್ವಾ?"

ತಾಯಿ ತಲೆ ತಗ್ಗಿಸಿದಳು. ದರ್ಜಿ ನೆಲ ನೋಡಿದ. ಲೈಬ್ರರಿ ಅಕ್ಕ ಮನವಿಯ ಹಾಳೆಗಳನ್ನು ಮೇಜಿನ ಮೇಲಿಟ್ಟರು.

ಓದುತ್ತಿರುವ ಅಕ್ಕ, ಓದುತ್ತಿರುವ ಅಣ್ಣ, ನಮ್ಮನ್ನು ಕಟ್ಟಿಹಾಕುವುದು ಈ ನಾಚಿಕೆಯೇ. ಮೋಸ ಹೋದವರು ನಾವು, ತಲೆ ತಗ್ಗಿಸುವವರೂ ನಾವೇ. ನಿಮ್ಮ ಹಿತ್ತಿಲಿಗೆ ಕೆಂಪು ಗೂಟ ಬರುವ ತನಕ ಕಾಯಬೇಡಿ. ಓದದೆ ಸಹಿ ಹಾಕಬೇಡಿ. ಬಾವಿ ನೀರನ್ನು ಇಂದೇ ಪರೀಕ್ಷೆ ಮಾಡಿಸಿ, ಅದರ ವರದಿಯನ್ನು ಜೋಪಾನ ಮಾಡಿ. ನೀವು ಮತ ಹಾಕಿ ಕಳಿಸಿದವರಿಗೆ ಪತ್ರ ಬರೆಯಿರಿ, ಫೋನ್ ಮಾಡಿ, ನೆರೆಯವರನ್ನು ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿ. ಏನು ಹೇಳಬೇಕೆಂದು ತೋಚದಿದ್ದರೆ, ಆ ದಿನ ಆ ಕೋಣೆಯಲ್ಲಿ ಒಂದು ಮಗು ಕೇಳಿದ್ದನ್ನೇ ಕೇಳಿ. ಹನ್ನೆರಡು ದಿನದಿಂದ ಯಾರೂ ಅವಳಿಗೆ ಬಾಯಿ ತೆರೆಯಲು ಬಿಟ್ಟಿರಲಿಲ್ಲ. ಈಗ ತಾಯಿ ಅವಳ ಬೆನ್ನ ಮೇಲೆ ಕೈಯಿಟ್ಟು, "ಕೇಳು ಮಗಳೇ" ಎಂದಳು.

ಅವಳು ಮೇಜಿನ ಹತ್ತಿರ ಹೋದಳು.

"ಬೇರೆಯವರ ಟವೆಲನ್ನ ಕೇಳದೆ ಮುಟ್ಟಿದ್ರೆ ಅಮ್ಮ ನನ್ನ ಬೈತಾಳೆ. ನಮ್ಮ ಬಾವಿ ಹತ್ರ ಬರೋಕೆ ಮುಂಚೆ ನಮ್ಮನ್ನ ಸರಿಯಾಗಿ ಕೇಳ್ಲೇಬೇಕು ಅಂತ ನೀವು ಅವರಿಗೆ ಯಾಕೆ ಹೇಳಲ್ಲ?"