ಮಾರುದ್ದ ದಾರ

“ನಿಮ್ಮ ಕಥೆಗಳಿಗೆ ಸ್ಫೂರ್ತಿ ಎಲ್ಲಿಂದ ಬಂತು?” ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸ್ಫೂರ್ತಿಯೇನು ಬಸ್ಸೇ, ಎಲ್ಲಿಂದ ಹೊರಟಿತು, ಎಲ್ಲಿ ನಿಂತಿತು ಎಂದು ಹೇಳಲು? ಆದರೆ ನನ್ನ ಕಥೆಗಳ ಗಂಟಣ್ಣನ ಬಗ್ಗೆ ಕೇಳಿದರೆ ಮಾತ್ರ ಕೋಪ ಬರುವುದಿಲ್ಲ. ಅವನು ಹುಟ್ಟಿದ ಜಾಗ ನನಗೆ ಚೆನ್ನಾಗಿ ಗೊತ್ತು. ಒಂದು ಟೈಲರ್ ಅಂಗಡಿಯಲ್ಲಿ, ಕಿಟಕಿಯ ಪಕ್ಕ, ನನ್ನ ದೊಡ್ಡಮ್ಮನ ಮಡಿಲಲ್ಲಿ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಆ ಅಂಗಡಿಯಲ್ಲಿ ಕೈಹೊಲಿಗೆಯೆಲ್ಲ ಅವಳದು: ಕಾಜಾ, ಗುಂಡಿ, ಹೆಮ್ಮಿಂಗ್. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿ ಮುಗಿಯುವುದು ಗಡಿಯಾರದ ಕೈಲಿರಲಿಲ್ಲ, ಕಾಯಿಲೆಯವರ ಕೈಲಿತ್ತು. ಸ್ಕೂಲು ಬಿಟ್ಟ ಮೇಲೆ ಅಮ್ಮ ಬರುವವರೆಗೂ ನಾನು ಅಂಗಡಿಯಲ್ಲಿ ದೊಡ್ಡಮ್ಮನ ಎದುರು ಮೋಟು ಸ್ಟೂಲಿನ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕೂರಬೇಕು. ಬಾಗಿಲ ಕಡೆ ತಿರುಗಿದರೆ ಸಾಕು, “ಬೆಳಕಿಗೆ ಅಡ್ಡ ಆಗ್ತೀಯ, ಈ ಕಡೆ ತಿರುಗು” ಎನ್ನುವಳು. ನನಗಾಗಲೇ ಮೂಗಿನ ತುದಿಯಲ್ಲಿ ಕೋಪ. ಅದಕ್ಕೇ ಅವಳು ನನಗಿಟ್ಟ ಹೆಸರು ಸಿಡುಕಿ.

ಅವಳ ಕಥೆಗೊಂದು ಕಟ್ಟಳೆಯಿತ್ತು. ಸೂಜಿಗೆ ದಾರ ಪೋಣಿಸಿದಾಗ ಕಥೆ ಶುರು, ದಾರ ಮುಗಿದಾಗ ಕಥೆಯೂ ಮುಗಿಯಿತು. “ಆಮೇಲೆ?” ಅಂದರೆ “ಆಮೇಲೆ ದಾರ ಖಾಲಿ” ಎನ್ನುವಳು. ಮೊಳದುದ್ದ ದಾರದಲ್ಲಿ ಒಂದು ನರಿಯ ಬಾಲ ಕಳೆದುಹೋಗಿ ಮತ್ತೆ ಸಿಕ್ಕಿರುತ್ತಿತ್ತು. ಆದರೆ ಕೆಲವು ದಿನ ದೊಡ್ಡಮ್ಮ ಎರಡೂ ಕೈ ಚಾಚಿ ಮಾರುದ್ದ ದಾರ ಎಳೆಯುತ್ತಿದ್ದಳು. ಕೈಹೊಲಿಗೆಯವರು ಯಾರೂ ಹಾಗೆ ಮಾಡುವುದಿಲ್ಲ, ಉದ್ದ ದಾರ ಸಿಕ್ಕು ಬೀಳುತ್ತದೆ. ಕಟಿಂಗ್ ಮಾಸ್ಟರ್ ಮೇಜಿನಾಚೆಯಿಂದಲೇ ಶುರುಮಾಡುವರು: “ಅಲ್ಲಮ್ಮಾ, ಇಷ್ಟು ವರ್ಷ ಆಯ್ತು, ದಾರ ಎಷ್ಟು ತಗೋಬೇಕು ಅಂತ ಇನ್ನೂ ಹೇಳ್ಕೊಡ್ಬೇಕಾ? ಸೋಮಾರಿಗಳು ಮಾಡೋ ಕೆಲಸ ಇದು!” ದೊಡ್ಡಮ್ಮ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಾಸ್ಟರ್ ಹೇಳಿದಂತೆಯೇ ನಡುವೆ ಗಂಟು ಬೀಳುತ್ತಿತ್ತು. “ಅಗೋ, ಬಂದ ನೋಡು ಗಂಟಣ್ಣ! ದಾರಿ ಮಧ್ಯೆ ಕಾಲು ಚಾಚಿ ಕೂತುಬಿಟ್ಟ. ರಾಜನ ಗಾಡಿಗೂ ದಾರಿ ಬಿಡಲ್ವಂತೆ!” ಎಂದು ಸೂಜಿಯ ಮೊನೆಯಿಂದ ಬಿಡಿಸುತ್ತಾ ಹೇಳುವಳು. ಗಂಟು ಬಿಚ್ಚುವಷ್ಟರಲ್ಲಿ ಗಂಟಣ್ಣ ಊರಿಗೆಲ್ಲ ತಂಟೆ ಮಾಡಿ ಮುಗಿಸಿರುತ್ತಿದ್ದ. ಬಾಗಿಲಲ್ಲಿ ಅಮ್ಮನ ಚಪ್ಪಲಿ ಸದ್ದಾಯಿತೋ, ದೊಡ್ಡಮ್ಮ ಉಳಿದ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡುವಳು. ಹೀಗಾಗಿ ಗಂಟಣ್ಣನ ಕಥೆ ಒಂದು ದಿನವೂ ಮುಗಿಯಲಿಲ್ಲ.

ಆ ಗಂಟಣ್ಣನೇ ಈಗ ನನಗೆ ಅನ್ನ ಹಾಕುತ್ತಿರುವುದು. ಅವನ ಬಗ್ಗೆ ಪುಸ್ತಕದ ಮೇಲೆ ಪುಸ್ತಕ ಬರೆದೆ, ಮಕ್ಕಳು ಅವನನ್ನು ತಲೆಯ ಮೇಲೆ ಹೊತ್ತು ಕುಣಿದರು. ಈ ಸಲದ್ದು ಕೊನೆಯ ಪುಸ್ತಕ. ಚಿತ್ರಗಳೆಲ್ಲ ಸಿದ್ಧ, ಕೊನೆಯ ಪುಟ ಮಾತ್ರ ಖಾಲಿ. ಸಂಪಾದಕಿ ಫೋನಿನಲ್ಲಿ ತಣ್ಣಗೆ ಹೇಳಿದಳು: “ಮೇಡಂ, ಒಂದು ಕತ್ತರಿ ಬರ್ಲಿ, ಕಚಕ್ ಅಂತ ಕತ್ತರಿಸ್ಲಿ. ತಂಟೆ ಮಾಡಿದ್ರೆ ಏನಾಗುತ್ತೆ ಅಂತ ಮಕ್ಕಳಿಗೆ ನೀತಿನೂ ಸಿಗುತ್ತೆ.”

“ಕತ್ತರಿಸೋದಾ? ಅವನೇನು ಉಗುರಾ?” ಎಂದು ಕಿರುಚಿದೆ.

“ಹಾಗಾದ್ರೆ ಬೇರೆ ಕೊನೆ ಕೊಡಿ. ಸೋಮವಾರ ಪ್ರಿಂಟಿಗೆ ಹೋಗ್ಬೇಕು. ನಿಮ್ಮದು ಬರ್ಲಿಲ್ಲ ಅಂದ್ರೆ ಕತ್ತರಿನೇ.”

ಇದ್ದರೆ ತಾನೆ ಕೊಡುವುದು? ಬರೆದೆ, ಹರಿದೆ. ಗಂಟಣ್ಣನಿಗೆ ಮದುವೆ ಮಾಡಿಸಿದೆ, ಹಡಗು ಹತ್ತಿಸಿದೆ. ಜಪ್ಪಯ್ಯ ಅಂದರೂ ಅವನು ಒಪ್ಪಲಿಲ್ಲ. ನನ್ನ ಕೈಯಾರೆ ಅವನನ್ನು ಕತ್ತರಿಗೆ ಒಪ್ಪಿಸಲಾರದೆ ಶನಿವಾರ ಮಧ್ಯಾಹ್ನ ದೊಡ್ಡಮ್ಮನ ಮನೆಗೆ ನುಗ್ಗಿದೆ.

ಅವಳು ಕಿಟಕಿಯ ಪಕ್ಕ ಹಳೆಯ ಅಂಗಿಯೊಂದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಕೈ ಈಗಲೂ ಚುರುಕು. ಸೂಜಿಗೆ ದಾರ ಪೋಣಿಸಲು ಮಾತ್ರ ಕಣ್ಣು ಸಾಲದು.

“ಬಂದ್ಯಾ ಸಿಡುಕಿ? ಯಾರದ್ದೋ ಗ್ರಹಚಾರ ಬಿಡಿಸಿ ಬಂದ ಹಾಗಿದೆ.”

“ದೊಡ್ಡಮ್ಮಾ, ಮೊದ್ಲು ಇದು ಹೇಳು. ಗಂಟಣ್ಣ ಕೊನೆಗೆ ಏನಾದ?”

“ನಂಗೇನೇ ಗೊತ್ತು?”

“ಚೆನ್ನಾಗಿದೆ! ಅವನನ್ನ ಹುಟ್ಟಿಸಿದ್ದೇ ನೀನು.”

“ನಾನಲ್ಲ ಕಣೇ, ಉದ್ದ ದಾರ” ಎಂದು ನಕ್ಕಳು. “ಅಂಗಡಿ ಎದುರಿಗೇ ಬಸ್ ಸ್ಟಾಪಿತ್ತಲ್ಲ. ಸಂಜೆ ಆಸ್ಪತ್ರೆ ಕಡೆಯಿಂದ ಬಸ್ಸು ಬರೋದು. ನಿಮ್ಮಮ್ಮ ಇಳೀಲಿಲ್ಲ ಅಂದ್ರೆ ಇವತ್ತು ಲೇಟು ಅಂತ ಗೊತ್ತಾಗೋದು. ಆ ದಿನ ಮಾರುದ್ದ ತೆಗೀತಿದ್ದೆ. ಗಂಟು ಬಿದ್ರೆ ಇನ್ನೂ ಒಳ್ಳೇದೇ, ಬಿಡಿಸೋವಷ್ಟು ಹೊತ್ತು ಕಥೆ ಎಳೀಬಹುದು. ಒಂದೊಂದ್ಸಲ ಬೀಳ್ಲಿಲ್ಲ ಅಂತ ನಾನೇ ಹಾಕಿದ್ದೂ ಉಂಟು.”

“ಮತ್ತೆ ಬೆಳಕಿಗೆ ಅಡ್ಡ ಅಂತಿದ್ದೆ?”

“ಬೆಳಕು ಬರ್ತಿದ್ದಿದ್ದು ಕಿಟಕಿಯಿಂದ ಕಣೇ ಪೆದ್ದಿ. ಮೊದಮೊದಲು ನೀನು ಬಾಗಿಲನ್ನೇ ನೋಡ್ತಾ ಕೂರ್ತಿದ್ದೆ. ಅಮ್ಮ ಇಳೀದೆ ಬಸ್ಸು ಹೊರಟುಹೋದಾಗ ನಿನ್ನ ಮುಖ ನೋಡೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ.”

ಆ ಸ್ಟೂಲಿನ ಮೇಲೆ ಕಳೆದ ಸಂಜೆಗಳನ್ನೆಲ್ಲ ನೆನೆದೆ. ಕಥೆ ಕೇಳಿದ ನೆನಪಿತ್ತು, ನಕ್ಕ ನೆನಪಿತ್ತು, ಕಾದ ನೆನಪು ಒಂದೂ ಇರಲಿಲ್ಲ. ಮಾಸ್ಟರ್ ಬೈಗುಳವೆಲ್ಲ ಅವಳ ಪಾಲಿಗೆ, ಗಂಟಣ್ಣ ನನ್ನ ಪಾಲಿಗೆ. ಈ ಋಣ ತೀರುವಂಥದ್ದಲ್ಲ, ತೀರುವುದೂ ಬೇಡ ಎನಿಸಿ ಅವಳ ಕೈ ಹಿಡಿದುಕೊಂಡೆ.

“ಬಿಡೇ, ಸೂಜಿ ಚುಚ್ಚುತ್ತೆ” ಎಂದಳು.

ಅಲ್ಲೇ ಕೂತು ಕೊನೆಯ ಪುಟ ಬರೆದೆ. ದಾರಿಯ ತುದಿಯಲ್ಲೊಂದು ಮನೆ. ಮನೆಯಲ್ಲಿ ಒಬ್ಬಳೇ ಪುಟ್ಟ ಹುಡುಗಿ, ಅಮ್ಮ ಇನ್ನೂ ಬಂದಿಲ್ಲ. ಕತ್ತಲೆ ತನ್ನ ಕರಿ ಗಾಡಿ ಕಟ್ಟಿಕೊಂಡು ಆ ಮನೆಯ ಕಡೆಗೇ ಹೊರಟಿದೆ. ಗಂಟಣ್ಣ ದಾರಿ ಮಧ್ಯೆ ಕಾಲು ಚಾಚಿ ಕೂತ. ಗಾಡಿ ಗದರಿತು, ಬೈಯಿತು, ಅವನು ಏಳಲಿಲ್ಲ. ಅಮ್ಮ ಬಂದು ದೀಪ ಹಚ್ಚಿದ ಮೇಲೆ ಗಾಡಿಗೆ “ಇನ್ನು ಹೋಗಪ್ಪ” ಎಂದು ತನ್ನನ್ನು ತಾನೇ ಬಿಚ್ಚಿಕೊಂಡು, ನೀಟಾದ ದಾರವಾಗಿ, ಹುಡುಗಿಯ ಅಂಗಿಯ ಗುಂಡಿಯಲ್ಲಿ ಸೇರಿಕೊಂಡ.

ಓದಿ ಹೇಳಿದೆ. “ಅಯ್ಯೋ ಪಾಪ, ಇದಕ್ಕಾ ಅಡ್ಡ ಕೂರ್ತಿದ್ದಿದ್ದು!” ಎಂದು ದೊಡ್ಡಮ್ಮ ತೊಡೆಯ ಮೇಲಿದ್ದ ಅಂಗಿಯಲ್ಲೇ ಕಣ್ಣೊರೆಸಿಕೊಂಡಳು. ಸಂಪಾದಕಿಗೂ ಫೋನು ಮಾಡಿ ಓದಿದೆ. ಅವಳು “ಕತ್ತರಿ ಬೇಡ ಮೇಡಂ” ಎಂದಳು.

“ಆಯ್ತಲ್ಲ ನಿನ್ನ ಕೆಲಸ? ಸೂಜಿಗೆ ದಾರ ಪೋಣಿಸಿ ಕೊಟ್ಟು ಹೊರಡು” ಎಂದಳು ದೊಡ್ಡಮ್ಮ.

ದಾರದ ಉಂಡೆ ತೆಗೆದುಕೊಂಡು ಎರಡೂ ಕೈ ಚಾಚಿದೆ. ಪೋಣಿಸಿ ಕೊಟ್ಟ ದಾರವನ್ನು ಅವಳು ಬೆರಳಲ್ಲಿ ಸವರುತ್ತಾ ಹೋದಳು. ಅದು ಮುಗಿಯಲೇ ಇಲ್ಲ.

“ಇಷ್ಟುದ್ದಾನಾ? ಮಾಸ್ಟರ್ ಇದ್ದಿದ್ರೆ ಇಬ್ಬರಿಗೂ ಸರಿಯಾಗಿ ಬೈತಿದ್ರು. ನಿಮ್ಮಮ್ಮ ಹೋಗಿ ಯಾವ ಕಾಲ ಆಯ್ತು, ಈಗ ಯಾರು ಬರ್ಲಿ ಅಂತ ಕಾಯ್ಬೇಕೇ?”

“ಯಾರೂ ಬರೋದು ಬೇಡ ದೊಡ್ಡಮ್ಮಾ” ಎಂದು ಸ್ಟೂಲು ಎಳೆದುಕೊಂಡು ಬಾಗಿಲಿಗೆ ಬೆನ್ನು ಹಾಕಿ ಕೂತೆ. “ಗಂಟು ಬೀಳ್ಲಿ ಅಂತ.”