ಭಾಳ ಸುಧಾರಿಸ್ಯಾನ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಧಾರವಾಡದ ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ, ನಾಶಿಕದ ಹತ್ತಿರದ ಓಝರ್‌ನ ಕ್ವಾರ್ಟರ್ಸಿನಲ್ಲಿ ನಿರುಪಮಾ ಎಂದಿನಂತೆ ಗಂಜಿ ಕಾಸಿ ಸೋಸಿದಳು. ಅದನ್ನು ಕುಡಿಯಬೇಕಾದ ಗಂಡ ಇಲ್ಲವೆಂಬುದು ಆಮೇಲೆ ನೆನಪಾಯಿತು. ತಾನೇ ಕುಡಿದಳು. ಉಪ್ಪು ಹಾಕಿರಲಿಲ್ಲ.

ಅತ್ತೆ ಗುಣವತಿ ಆಗಲೇ ಫೋನಿನಲ್ಲಿದ್ದರು. "ಕಡೀತನಕ ಭಾಳ ಸುಧಾರಿಸಿದ್ದನ್ರಿ. ಹಣೆಬರಹ, ಏನ್ ಮಾಡೂದು?"

ರೋಗ ಹೆಚ್ಚಿದೆ ಎಂದು ಬಾಯಿಬಿಟ್ಟು ಹೇಳುವುದು ಆ ಮನೆಯಲ್ಲಿ ಅಶುಭ. ನಮ್ಮ ಎಷ್ಟೋ ಮನೆಗಳಲ್ಲಿ ಹಾಗೆಯೇ. ನಿರುಪಮಾಳ ಗಂಡ, ವಿಮಾನ ಕಾರ್ಖಾನೆಯ ಇಂಜಿನಿಯರ್ ಉತ್ಕರ್ಷನ ನರಗಳು ಒಂದೊಂದಾಗಿ ಸತ್ತು ಕೈಕಾಲು ಬತ್ತುತ್ತಿದ್ದಾಗಲೂ ಹೊರಗೆ ಹೋದ ಸುದ್ದಿ ಒಂದೇ: ಭಾಳ ಸುಧಾರಿಸ್ಯಾನ.

ಔರಂಗಾಬಾದಿನ ಖಾಸಗಿ ಆಸ್ಪತ್ರೆಯೊಂದು, ಸೊಂಟದ ಮೂಳೆಯಿಂದ ಸ್ಟೆಮ್ ಸೆಲ್ ತೆಗೆದು ಬೆನ್ನಿಗೆ ಚುಚ್ಚಿದರೆ ನರಗಳು ಮತ್ತೆ ಚಿಗುರುತ್ತವೆ ಎಂದಿತ್ತು. ಜೀವತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಓದಿದ ನಿರುಪಮಾ ಒಮ್ಮೆ ಹೇಳಿ ನೋಡಿದ್ದಳು. "ಅತ್ತೀ, ಇದಿನ್ನೂ ಪ್ರಯೋಗದಾಗ ಅದರಿ. ಇಲಿಗೆ ಆದದ್ದು ಮನಷ್ಯಾರಿಗೂ ಆಗ್ತದಂತ ಯಾರೂ ಖಾತ್ರಿ ಮಾಡಿಲ್ಲ."

"ನನ್ನ ಮಗ ಇಲಿ ಏನ? ಕಲತಾಕಿ ಬಾಯಾಗ ಎಂಥಾ ಅಪಶಕುನದ ಮಾತು!"

ಚಿಕಿತ್ಸೆ ಶುರುವಾಯಿತು. ಎರಡನೆಯ ಸೂಜಿಯ ನಂತರ ಉತ್ಕರ್ಷನಿಗೆ ಜ್ವರ ಏರಿತು. ಚಮಚ ಹಿಡಿಯುತ್ತಿದ್ದ ಬಲಗೈಯೂ ಬಿದ್ದುಹೋಯಿತು. ಆದರೂ ಅವನು ಎದ್ದು ನಿಂತ ವಿಡಿಯೋ ನಾಶಿಕದ ಕನ್ನಡಿಗರ ಫೋನುಗಳಲ್ಲೆಲ್ಲ ಓಡಾಡಿತ್ತು.

ಹತ್ತು ಗಂಟೆಯ ಹೊತ್ತಿಗೆ ಎದುರುಮನೆಯ ಅಂಬುಜಾ ಬಂದಳು. ಹುಟ್ಟಿನಿಂದ ನಡೆಯಲಾರದ ಮಗಳು ಅಮೂಲ್ಯಾ ಅವಳ ಸೊಂಟದ ಮೇಲಿದ್ದಳು.

"ಇಂಥಾ ಹೊತ್ತಿನಾಗ ಕೇಳಬಾರದು ವೈನಿ. ನಾಳೆ ಇಕಿನ್ನ ಔರಂಗಾಬಾದಿಗೆ ಕರಕೊಂಡು ಹೊಂಟೀವಿ. ಉತ್ಕರ್ಷಣ್ಣಾವರಿಗಂತ ನಮ್ಮ ಬೆಲ್ಟ್ ಇಸಕೊಂಡಿದ್ರಲ್ಲ, ಇಕಿನ್ನ ಎತ್ತಿ ಕೂಡಸೂದು..."

"ಮೀ ಪಣ ನಿಂದ್ರತೀನಿ ಕಾಕು," ಎಂದಳು ಹುಡುಗಿ, ‘ನಾನೂ’ ಅನ್ನುವುದನ್ನು ಮರಾಠಿಯಲ್ಲಿ ಬೆರೆಸಿ. "ಉತ್ಕರ್ಷಕಾಕಾನಂಗ."

"ನಿಂದ್ರತಿ ಬಂಗಾರ! ನನ್ನ ಮಗ ನಿಂತಿರಲಿಲ್ಲೇನು?" ಎಂದರು ಗುಣವತಿ.

ನಿರುಪಮಾ ಎದ್ದಳು. ಒಳಗೆ ಹೋಗಿ ಹಿಡಿಕೆಗಳಿದ್ದ ಅಗಲ ಬೆಲ್ಟ್ ತಂದಳು. ಕೊಡಲಿಲ್ಲ. ತನ್ನ ಸೊಂಟಕ್ಕೇ ಬಿಗಿದುಕೊಂಡು ಬೆನ್ನು ತಿರುಗಿಸಿ ನಿಂತಳು.

"ಅಂಬುಜಾ, ಹಿಂದಿನ ಹಿಡಿಕಿ ಹಿಡೀರಿ. ಗಟ್ಟಿಯಾಗಿ. ವಿಡಿಯೋದಾಗ ಇದು ಅವರ ಅಂಗಿಯೊಳಗ ಇತ್ತು. ಹಿಂಗ ನಿಂದ್ರಿಸಿ ತೋರಿಸಿದ್ರ ಪೇಷಂಟಿಗೆ ಧೈರ್ಯ ಬರ್ತದಂತ ಆಸ್ಪತ್ರಿಯವರು ಹೇಳಿದ್ರು. ಅವರು ನಿಂತಿರಲಿಲ್ಲ. ಪರದೆ ಹಿಂದ ನಿಂತು ನಾ ಎತ್ತಿ ಹಿಡದಿದ್ದೆ."

"ನಿರುಪಮಾ!" ಗುಣವತಿ ಅಡ್ಡ ಬಂದರು. "ಸತ್ತವನ ಮಾನ ಕಳೀತಿ?"

"ಹೋಗೂದು ನನ್ನ ಮಾನರಿ ಅತ್ತಿ. ಅವರದಲ್ಲ."

ಅಂಬುಜಾಳ ಬೆರಳು ಇನ್ನೂ ಹಿಡಿಕೆಯಲ್ಲೇ ಇದ್ದವು. "ದಿನಾ ಬಂದು ಕೇಳತಿದ್ದೆನಲ್ಲ ವೈನಿ, ಹೆಂಗಿದ್ದಾರಂತ. ಕಲತವರು ನೀವು. ನಿಮ್ಮ ಬಾಯಿಂದನೂ ಸುಧಾರಿಸ್ಯಾರ ಅಂತನ ಕೇಳಿದ್ದೆ."



ಅಮೂಲ್ಯಾ ಅಳತೊಡಗಿದಳು. ಅಂಬುಜಾ ಮಗಳ ಬೆನ್ನು ಸವರುತ್ತ ಬ್ಯಾಂಕಿನಲ್ಲಿದ್ದ ಗಂಡನಿಗೆ ಫೋನು ಹಚ್ಚಿದಳು. "ನಾಳೆ ಗಾಡಿ ಬ್ಯಾಡಂತ ಹೇಳ್ರಿ... ಮನೀಗೆ ಬರ್ರಿ, ಹೇಳ್ತೀನಿ."

ನಿರುಪಮಾ ಬೆಲ್ಟ್ ಬಿಚ್ಚಿದಳು. ಸೆರಗಿನಿಂದ ಒರೆಸಿ, ಮಡಚಿ, ಅಂಬುಜಾಳತ್ತ ಚಾಚಿದಳು. ಅಂಬುಜಾ ಅವಳ ಮುಖ ನೋಡದೆ ತೆಗೆದುಕೊಂಡಳು.